ಬೊಂಬೆಗೆ ಕೊಡುವ ಹಣ, ಪ್ರಶ್ನೆಗೆ ಕೊಡದ ಹಣ

ನಮ್ಮ ಶಾಲೆಯಲ್ಲಿ ಓದಿ ಹೊರಟ ಹೆಣ್ಣುಮಕ್ಕಳಲ್ಲಿ ಕೆಲವರು ಉಪಾಧ್ಯಾಯಿನಿಯರಾದರು, ಕೆಲವರು ಗೃಹಿಣಿಯರಾದರು. ರೋಗಿಗಳ ಶುಶ್ರೂಷೆಯನ್ನು ವೃತ್ತಿಯಾಗಿ ಕೈಕೊಂಡವರೂ ಅನೇಕರಿರುವರು. ಮಗಳನ್ನು ನರ್ಸಿಂಗ್ ಕಾಲೇಜಿಗೆ ಕಳುಹಿಸುವ ಆಲೋಚನೆಯಲ್ಲಿರುವ ತಂದೆತಾಯಿಗಳೂ ಈ ಸಂಚಿಕೆಯನ್ನು ಓದುವರು. ಆದಕಾರಣ ದಾದಿಯರ ಶಿಕ್ಷಣಕ್ಕೆ ಸಂಬಂಧಿಸಿದ ಒಂದು ಅಭಿಪ್ರಾಯವನ್ನು ಇಲ್ಲಿ ನಿವೇದಿಸುವುದು ಅನುಚಿತವಾಗಲಾರದೆಂದು ನಂಬಿದ್ದೇನೆ.

ಈಗಿನ ಕಾಲೇಜುಗಳಲ್ಲಿ ವಿದ್ಯಾರ್ಥಿನಿಯು ರೋಗಿಯನ್ನು ಮುಟ್ಟುವುದಕ್ಕೆ ಮುಂಚೆ ಮನುಷ್ಯಾಕಾರದ ಬೊಂಬೆಯ ಮೇಲೆ ಕೈಪಳಗಿಸಿಕೊಳ್ಳುವಳು. ಆಸ್ಪತ್ರೆಯ ಸನ್ನಿವೇಶವೊಂದನ್ನು ಕಲ್ಪಿಸಿ, ಅದರಲ್ಲಿ ತಾನು ನಡೆದುಕೊಂಡ ಬಗೆಯನ್ನು ಆಮೇಲೆ ಉಪಾಧ್ಯಾಯಿನಿಯೊಡನೆ ಕುಳಿತು ವಿಮರ್ಶಿಸುವಳು. ಈ ಕ್ರಮಕ್ಕೆ ಸಿಮ್ಯುಲೇಷನ್ ಎಂದು ಹೆಸರು. ಇದರ ಮೂಲವು ಹಳೆಯದು. ಅಮೆರಿಕದ ಹಾರ್ಟ್‌ಫರ್ಡ್ ಆಸ್ಪತ್ರೆಯ ದಾದಿಯರ ಶಾಲೆಗಾಗಿ ಮಾರ್ಥಾ ಚೇಸ್ ಎಂಬ ಮಹಿಳೆಯು 1911ರಲ್ಲಿ ಆಳೆತ್ತರದ ಬೊಂಬೆಯೊಂದನ್ನು ಮಾಡಿಕೊಟ್ಟಳು. ನಾರ್ವೆ ದೇಶದ ಆಟಿಕೆ ತಯಾರಕ ಆಸ್ಮಂಡ್ ಲೇರ್ಡಾಲ್ ಎಂಬಾತನು, ಉಸಿರು ನಿಂತವರನ್ನು ಬದುಕಿಸುವ ವಿಧಾನವನ್ನು ಕಲಿಸಲು ಮಾಡಿದ ಬೊಂಬೆಯು 1960ರಲ್ಲಿ ಹೊರಬಂದಿತು. ಈಗಲಾದರೋ ನಾಡಿ ಮಿಡಿಯುವ, ಉಸಿರಾಡುವ ಬೊಂಬೆಗಳೇ ಇರುವುವು. ಕಲಿಯುವವಳ ಕೈ ತಪ್ಪಿದರೆ ಬೊಂಬೆಗೆ ನೋವಾಗದು. ಇದೇ ಈ ಕ್ರಮದ ದೊಡ್ಡ ಗುಣ.

ಆದರೆ ಬೊಂಬೆಯ ಮೇಲೆ ಕಲಿತದ್ದು ರೋಗಿಯ ಹಾಸಿಗೆಯ ಬಳಿಯಲ್ಲಿ ನಿಲ್ಲುವುದೇ? ಇದನ್ನು ಊಹೆಯಿಂದ ಹೇಳಲಾಗದು, ಪರೀಕ್ಷಿಸಿಯೇ ತಿಳಿಯಬೇಕು. ಅಮೆರಿಕದಲ್ಲಿ ಶುಶ್ರೂಷಾ ಮಂಡಲಿಗಳ ರಾಷ್ಟ್ರೀಯ ಪರಿಷತ್ತು 2011ರಿಂದ 2013ರವರೆಗೆ ಹತ್ತು ವಿದ್ಯಾಸಂಸ್ಥೆಗಳಲ್ಲಿ ಇಂತಹ ಪರೀಕ್ಷೆಯನ್ನು ನಡೆಸಿತು. ವಿದ್ಯಾರ್ಥಿಗಳನ್ನು ಮೂರು ಗುಂಪುಗಳಾಗಿ ವಿಂಗಡಿಸಿ, ಒಂದು ಗುಂಪಿಗೆ ಎಂದಿನಂತೆ ಆಸ್ಪತ್ರೆಯ ಅಭ್ಯಾಸವನ್ನೂ, ಉಳಿದೆರಡಕ್ಕೆ ಆ ಅಭ್ಯಾಸದ ಕಾಲದಲ್ಲಿ ನೂರಕ್ಕೆ 25 ಮತ್ತು 50 ಪಾಲು ಸಿಮ್ಯುಲೇಷನ್ನನ್ನೂ ಕೊಡಲಾಯಿತು. ಕೊನೆಯವರೆಗೆ ಉಳಿದವರು 666 ಮಂದಿ. ಜ್ಞಾನದಲ್ಲಿಯಾಗಲಿ ಕಾರ್ಯಸಾಮರ್ಥ್ಯದಲ್ಲಿಯಾಗಲಿ ಗುಂಪುಗಳ ನಡುವೆ ಗಣ್ಯವಾದ ಅಂತರವಿಲ್ಲವೆಂದು 2014ರಲ್ಲಿ ಪ್ರಕಟವಾಯಿತು. ಆದರೆ ಉಪಾಧ್ಯಾಯರು ಈ ಕ್ರಮದಲ್ಲಿ ತರಬೇತಾಗಿರಬೇಕು, ಪಾಠದ ನಂತರದ ವಿಮರ್ಶೆಯು ಸರಿಯಾಗಿ ನಡೆಯಬೇಕು ಎಂಬ ನಿಬಂಧನೆಯೂ ಅದರೊಡನೆ ಇದ್ದಿತು. ಈ ಅಧ್ಯಯನದ ಮುಂದಾಳುಗಳಲ್ಲಿ ಶುಶ್ರೂಷಕಿಯರೇ ಇದ್ದರು. ವೆಚ್ಚಕ್ಕೆ ಅವರ ಪರಿಷತ್ತೇ ಆಸರೆಯಾಗಿದ್ದಿತು.

ಆ ಉತ್ತರವನ್ನು ನಾವು ಹಾಗೆಯೇ ಎರವಲು ತರಬಹುದೇ? ಭಾರತೀಯ ಶುಶ್ರೂಷಾ ಪರಿಷತ್ತು 2021ರಲ್ಲಿ ಹೊರಡಿಸಿದ ಬಿ.ಎಸ್‌ಸಿ. ನರ್ಸಿಂಗ್ ಪಠ್ಯಕ್ರಮದಲ್ಲಿ ಸಿಮ್ಯುಲೇಷನ್ನಿಗೆ ಸ್ಥಾನ ದೊರೆತಿದೆ. ಆದರೆ ನಮ್ಮ ವಾರ್ಡುಗಳೇ ಬೇರೆ, ರೋಗಿಗಳ ಸಂದಣಿಯೇ ಬೇರೆ. ಹಳ್ಳಿಯಿಂದ ಬಂದ ತಾಯಿಯು ತನ್ನ ನೋವನ್ನು ಹೇಳಿಕೊಳ್ಳುವ ಕನ್ನಡವು ಯಾವ ಬೊಂಬೆಗೂ ಬಾರದು. ಹೆಚ್ಚು ಬೆಲೆಯ ಬೊಂಬೆಯಿಂದ ಕಲಿಯುವುದನ್ನು ಕಡಮೆ ಬೆಲೆಯದರಿಂದ ಕಲಿಯಲಾಗದೇ? ಇಂದು ಕಲಿತ ಕೈಚಳಕವು ಎಷ್ಟು ತಿಂಗಳು ಉಳಿದೀತು? ಇವು ನಮ್ಮ ಪ್ರಶ್ನೆಗಳು; ನಮ್ಮ ಶುಶ್ರೂಷಕಿಯರೇ ಇವಕ್ಕೆ ಉತ್ತರವನ್ನು ಹುಡುಕಬೇಕು.

ದಾನಿಗಳ ಔದಾರ್ಯವು ಕಣ್ಣಿಗೆ ಕಾಣುವ ವಸ್ತುವಿನ ಕಡೆಗೆ ಬೇಗನೆ ಹರಿಯುವುದು ಸಹಜ. ಬೊಂಬೆಯನ್ನು ಕೊಟ್ಟವರ ಹೆಸರನ್ನು ಕೊಠಡಿಯ ಬಾಗಿಲ ಮೇಲೆ ಬರೆಯಿಸಬಹುದು. ಪ್ರಶ್ನೆಗೆ ಹಣ ಕೊಟ್ಟವರ ಹೆಸರನ್ನು ಬರೆಯಿಸಲು ಬಾಗಿಲಿಲ್ಲ. ಆದರೂ ಬೊಂಬೆ ತಾನಾಗಿ ಕಲಿಸದು. ಪ್ರಯೋಗಶಾಲೆಯ ಬೀರುವಿನಲ್ಲಿ ಬೀಗ ಹಾಕಿಟ್ಟ ಗಾಜಿನ ಪಾತ್ರೆಗಳಿಂದ ಯಾವ ಹುಡುಗಿಯೂ ರಸಾಯನಶಾಸ್ತ್ರವನ್ನು ಕಲಿಯಲಿಲ್ಲವೆಂಬುದನ್ನು ಉಪಾಧ್ಯಾಯಿನಿಯರೆಲ್ಲರೂ ಬಲ್ಲರು.

ಸಂಶೋಧನೆಯು ವೈದ್ಯರ ಕೆಲಸ, ದಾದಿಗೆ ಸೇವೆಯೇ ಸಾಕು ಎನ್ನುವವರುಂಟು. ಇರುಳೆಲ್ಲ ರೋಗಿಯ ಬಳಿ ಎಚ್ಚರವಾಗಿರುವವಳಿಗಿಂತ ಆ ಕೆಲಸದ ಕಷ್ಟವನ್ನು ಚೆನ್ನಾಗಿ ಬಲ್ಲವರು ಯಾರು? ಔಷಧಕ್ಕೇ ಹಣ ಸಾಲದಿರುವಾಗ ಇದೇಕೆ ಎನ್ನುವವರೂ ಉಂಟು. ಈ ಮಾತು ತೂಕವುಳ್ಳದ್ದು. ಆದರೆ ಇಂತಹ ಅಧ್ಯಯನಕ್ಕೆ ಬೇಕಾದುದು ಬಹುಮಟ್ಟಿಗೆ ಬಿಡುವು: ವಾರಕ್ಕೆ ಕೆಲವು ಗಂಟೆಗಳ ವಿರಾಮ, ಆ ವೇಳೆಯಲ್ಲಿ ಪಾಠ ಮಾಡಲು ಬದಲಿ ಉಪಾಧ್ಯಾಯಿನಿ, ಅಂಕಿಗಳನ್ನು ಲೆಕ್ಕಹಾಕುವವರ ಸಹಾಯ, ರೋಗಿಯ ಪಾತ್ರವನ್ನು ವಹಿಸುವವರಿಗೆ ಸಂಭಾವನೆ. ಅರಿಯದೆ ಕೊಂಡ ಯಂತ್ರವು ಧೂಳು ಹಿಡಿದಾಗ ಆಗುವ ನಷ್ಟವನ್ನು ನೋಡಿದರೆ ಇದು ಮಿತವ್ಯಯವೇ ಸರಿ.

ಕಾಲೇಜುಗಳ ಆಡಳಿತದಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರು, ಬೊಂಬೆಗಾಗಿ ತೆಗೆದಿಡುವ ಹಣದಲ್ಲಿ ಒಂದು ಪಾಲನ್ನು ಇದಕ್ಕಾಗಿ ಮೀಸಲಿಡಲೆಂದು ಕೋರುತ್ತೇನೆ. ಅನುಕೂಲವುಳ್ಳವರು ಚಿಕ್ಕದೊಂದು ದತ್ತಿಯನ್ನು ಸ್ಥಾಪಿಸಿ, ಅದನ್ನು ಪಾಠ ಹೇಳುವ ಶುಶ್ರೂಷಕಿಯ ಹೆಸರಿಗೇ ಕೊಡಲಿ. ತಂದೆತಾಯಿಗಳು ಮಗಳನ್ನು ಸೇರಿಸುವಾಗ ಎಷ್ಟು ಬೊಂಬೆಗಳಿವೆಯೆಂದು ಕೇಳುವುದರ ಜೊತೆಗೆ, ಅವುಗಳಿಂದ ಮಕ್ಕಳು ಕಲಿತದ್ದನ್ನು ಯಾರು ಅಳೆದು ನೋಡುತ್ತಿರುವರೆಂದೂ ಕೇಳಲಿ. ಆ ಹುಡುಗಿಯ ಕೈಯಲ್ಲಿ ಮುಂದೆ ನಮ್ಮ ನಿಮ್ಮ ಮನೆಯವರ ಪ್ರಾಣವೇ ಇರುವುದು.