ಫ್ರೀಡಾ ಚಿತ್ರಕ್ಕೆ 5.47 ಕೋಟಿ ಡಾಲರ್: ರೇಟು ಏರಿತು, ಅರ್ಧ ಬದುಕು ಮರೆಯಾಯ್ತು

2025ರ ನವೆಂಬರ್‌ನಲ್ಲಿ ನ್ಯೂಯಾರ್ಕ್‌ನ ಸೋದಬೀಸ್ ಹರಾಜಿನಲ್ಲಿ ಮೆಕ್ಸಿಕೋದ ಫ್ರೀಡಾ ಕಾಹ್ಲೋ ಬರೆದ ಚಿತ್ರ 5.47 ಕೋಟಿ ಡಾಲರ್‌ಗೆ ಹೋಯ್ತು. ಕಲಾವಿದೆಯೊಬ್ಬರ ಕೃತಿಗೆ ಹರಾಜಿನಲ್ಲಿ ಇಷ್ಟು ಬೆಲೆ ಹಿಂದೆಂದೂ ಸಿಕ್ಕಿರಲಿಲ್ಲ. 1980ರಲ್ಲಿ ಇದೇ ಚಿತ್ರದ ಬೆಲೆ 51 ಸಾವಿರ ಡಾಲರ್!

ಲೆಕ್ಕ ಸರಳ: ಮಾಲು ಕಡಿಮೆ, ಗಿರಾಕಿ ಜಾಸ್ತಿ. ಮೆಕ್ಸಿಕೋದೊಳಗಿನ ಅವರ ಚಿತ್ರಗಳನ್ನು 1984ರಿಂದ ಹೊರದೇಶಕ್ಕೆ ಮಾರುವಂತಿಲ್ಲ.

ಆದ್ರೆ ಬ್ಯಾಗು, ಟೀ ಶರ್ಟಿನ ಮೇಲೆ ಫ್ರೀಡಾ ಮುಖ ಅಚ್ಚು ಹಾಕಿ ಮಾರೋರು ಒಂದು ವಿಷಯ ಬಾಯಿಬಿಡಲ್ಲ. ಆಕೆ ಗಂಡಸರನ್ನೂ ಪ್ರೀತಿಸಿದ್ರು, ಹೆಂಗಸರನ್ನೂ ಪ್ರೀತಿಸಿದ್ರು. ಗಂಡ ಡಿಯೆಗೊ ರಿವೇರಾಗೂ ಗೊತ್ತಿತ್ತು. ಹೆಂಗಸರ ವಿಷಯಕ್ಕೆ ಸುಮ್ಮನಿರುತ್ತಿದ್ದ ಆತ ಗಂಡಸರ ವಿಷಯ ಬಂದ್ರೆ ಮಾತ್ರ ಉರಿದು ಬೀಳ್ತಿದ್ದ. ಹೆಣ್ಣಿನ ಮೇಲಿನ ಪ್ರೀತಿ ಅವನಿಗೆ ಲೆಕ್ಕಕ್ಕೇ ಇರಲಿಲ್ಲ ಅಂದಂಗಾಯ್ತು. (ತಾನು ಮಾತ್ರ ಫ್ರೀಡಾ ತಂಗಿ ಕ್ರಿಸ್ಟಿನಾ ಜೊತೆಗೇ ಸಂಬಂಧ ಇಟ್ಟುಕೊಂಡಿದ್ದ.) 1939ರಲ್ಲಿ ವಿಚ್ಛೇದನ ಆಯ್ತು. 1940ರಲ್ಲಿ, ಈ ಚಿತ್ರ ಬರೆದ ವರ್ಷವೇ, ಇಬ್ಬರೂ ಮತ್ತೆ ಮದುವೆಯಾದ್ರು.