ಸೈರನ್ನಿನ ಅಧಿಕಾರ

ಮುಂಬಯಿಯ ವಡಾಲದ ರಫಿ ಅಹಮದ್ ಕಿದ್ವಾಯಿ ಮಾರ್ಗದಲ್ಲಿ, ಸೈರನ್ ಮೊಳಗಿಸುತ್ತ ಬಂದ ಪೊಲೀಸ್ ವಾಹನವೊಂದು ಕೆಂಪು ದೀಪದ ಮುಂದೆ ಕ್ಷಣಕಾಲ ತಡೆದು, ಎಡಬಲಗಳನ್ನು ಗಮನಿಸಿ, ಅನಂತರ ಮುಂದೆ ಸಾಗಿದುದನ್ನು ಕಂಡ ಸದ್ಗೃಹಸ್ಥರೊಬ್ಬರು, “ಇಷ್ಟು ಅಂಜುವವರು ಕಳ್ಳರನ್ನು ಹಿಡಿದಂತೆಯೇ ಸರಿ” ಎಂದರು. ಈ ಮಾತನ್ನು ನಾನು ಒಪ್ಪಲಾರೆ. ನೆರವನ್ನು ಹೊತ್ತೊಯ್ಯುವವನು ಮೊದಲು ತಾನು ಸುರಕ್ಷಿತವಾಗಿ ತಲುಪಬೇಕು, ತಲುಪುವ ದಾರಿಯಲ್ಲಿ ಇನ್ನೊಂದು ಆಪತ್ತನ್ನು ನಿರ್ಮಿಸಬಾರದು ಎಂಬುದನ್ನು ಆ ಚಾಲಕನು ಚೆನ್ನಾಗಿ ಅರಿತಿದ್ದನೆಂದೇ ನನ್ನ ನಿಶ್ಚಿತಾಭಿಪ್ರಾಯ.

ಕಾನೂನಿನ ಆಶಯವೂ ಇದೇ. 2017ರ ಮೋಟಾರು ವಾಹನ ಚಾಲನಾ ನಿಯಮಗಳು ಅಗ್ನಿಶಾಮಕ, ಆಂಬುಲೆನ್ಸ್ ಮತ್ತು ಪೊಲೀಸ್ ವಾಹನಗಳಿಗೆ ತುರ್ತಿನಲ್ಲಿ ಕೆಂಪು ದೀಪವನ್ನು ದಾಟುವ, ವೇಗಮಿತಿಯನ್ನು ಮೀರುವ ರಿಯಾಯಿತಿಯನ್ನು ಕೊಟ್ಟಿವೆಯಾದರೂ, ತಕ್ಕ ಎಚ್ಚರವನ್ನು ಅದಕ್ಕೆ ನಿಬಂಧನೆಯಾಗಿ ವಿಧಿಸಿವೆ. ದಾರಿ ಬಿಡದವನಿಗೆ 2019ರ ತಿದ್ದುಪಡಿಯು ಹತ್ತು ಸಾವಿರ ರೂಪಾಯಿಗಳ ದಂಡವನ್ನು ಗೊತ್ತುಪಡಿಸಿದೆ. ಆದರೆ ಸೈರನ್ನಿನ ದನಿಯೇ ಕೇಳಿಸದವನು ದಾರಿ ಬಿಡುವುದಾದರೂ ಹೇಗೆ? ಕಿಟಕಿ ಮುಚ್ಚಿದ ಕಾರಿನೊಳಗಿರುವವನಿಗೆ ಅದು ಕೇಳಿಸುವುದು ತಡವಾಗಿ. ವಾಹನದ ವೇಗ ಹೆಚ್ಚಿದಷ್ಟೂ ಆ ಮುನ್ಸೂಚನೆಯ ಅವಧಿ ಕಿರಿದಾಗುತ್ತದೆ. ಪೊಲೀಸ್ ವಾಹನವೂ ಅಗ್ನಿಶಾಮಕ ವಾಹನವೂ ಒಂದೇ ಚೌಕಕ್ಕೆ ಎರಡು ದಿಕ್ಕುಗಳಿಂದ ಧಾವಿಸಿದಾಗಲಂತೂ, ತನ್ನ ಸದ್ದಿನಲ್ಲಿಯೇ ಮುಳುಗಿದ ಚಾಲಕನಿಗೆ ಇನ್ನೊಬ್ಬನ ಸದ್ದು ಕೇಳದೆಹೋಗುವುದುಂಟು. ವಡಾಲದಲ್ಲಿ ಬಂದರಿನ ಟ್ರಕ್ಕುಗಳಿವೆ, ಆಷಾಢ ಏಕಾದಶಿಯಂದು ವಿಠಲ ಮಂದಿರಕ್ಕೆ ನೆರೆಯುವ ಭಕ್ತರಿದ್ದಾರೆ, ನ್ಯಾಷನಲ್ ಕನ್ನಡ ಎಜುಕೇಶನ್ ಸೊಸೈಟಿಯ ಶಾಲೆಯಿಂದ ಹೊರಬೀಳುವ ಮಕ್ಕಳಿದ್ದಾರೆ. ಸದ್ದು ಯಾವ ಕಡೆಯಿಂದ ಬಂದಿತೆಂದು ತಿಳಿಯದೆ ರಸ್ತೆಯ ನಡುವೆ ನಿಂತುಬಿಡುವ ಮಗುವನ್ನು ಯಾವ ನಿಯಮವೂ ಕಾಪಾಡದು.

ವೇಗದಿಂದ ಉಳಿಯುವ ಕಾಲವೆಷ್ಟು? ಎರಡು ಕಿಲೋಮೀಟರ್ ದೂರವನ್ನು ಗಂಟೆಗೆ 40ರ ವೇಗದಲ್ಲಿ ಕ್ರಮಿಸಲು ಮೂರು ನಿಮಿಷ, 60ರಲ್ಲಿ ಎರಡು. ಉಳಿತಾಯ ಒಂದು ನಿಮಿಷ; ಅದೂ ದಾರಿ ನಿರಾತಂಕವಾಗಿದ್ದರೆ. ಇತ್ತ, ವೇಗ ಇಮ್ಮಡಿಯಾದರೆ ಬ್ರೇಕ್ ಹಾಕಿದ ಮೇಲೆ ವಾಹನ ನಿಲ್ಲಲು ಬೇಕಾಗುವ ದೂರ ನಾಲ್ಮಡಿಯಾಗುತ್ತದೆ.

ಆ ಒಂದು ನಿಮಿಷವೇ ಪ್ರಾಣ ಎನ್ನುವವರಿದ್ದಾರೆ. ಬಾಗಿಲನ್ನು ಮುರಿಯುತ್ತಿರುವ ದುಷ್ಟನೊಬ್ಬನ ಎದುರು ಒಂಟಿಯಾಗಿ ನಿಂತ ಹೆಂಗಸಿನ ಮಾತಾಗಿ ಇದನ್ನು ಕೇಳಿದಾಗ ನಾನು ತಲೆಬಾಗುತ್ತೇನೆ. ಅವಳಿಗಾಗಿ ವೇಗವಾಗಿ ಹೋಗಲೇಬೇಕು. ಆದರೆ ಚೌಕದಲ್ಲಿ ಡಿಕ್ಕಿ ಹೊಡೆದು ನಿಂತ ವಾಹನ ಅವಳ ಬಾಗಿಲಿಗೆ ಎಂದೂ ಬಾರದು. ಸಿನಿಮಾದ ಬೆನ್ನಟ್ಟುವಿಕೆಯನ್ನು ಆದರ್ಶವೆಂದು ಮುಂದೊಡ್ಡುವವರಿಗೆ ಉತ್ತರ ಅನಾವಶ್ಯಕ.

ಬೆನ್ನಟ್ಟದಿದ್ದರೆ ಅಪರಾಧಿ ಪಾರಾಗುವನೆಂಬ ಶಂಕೆಗೆ ಇದೇ ಮುಂಬಯಿಯ ಇತಿಹಾಸ ಉತ್ತರ ಕೊಟ್ಟಿದೆ. 2008ರ ನವೆಂಬರ್ 26ರ ಭಯೋತ್ಪಾದಕ ದಾಳಿಯ ರಾತ್ರಿ, ಕಾಮಾ ಆಸ್ಪತ್ರೆಯ ಬಳಿ ಹಿರಿಯ ಅಧಿಕಾರಿಗಳನ್ನು ಕೊಂದು, ಪೊಲೀಸ್ ವಾಹನವನ್ನೇ ಅಪಹರಿಸಿ, ಬಳಿಕ ಸ್ಕೋಡಾ ಕಾರೊಂದನ್ನು ಕಸಿದುಕೊಂಡು ಹೊರಟ ಇಬ್ಬರು ಹಂತಕರಿಗಿಂತ ಮುಂದಾಗಿ ಓಡಿದುದು ವೈರ್‌ಲೆಸ್ ಸಂದೇಶ. ಗಿರಗಾಂವ್ ಚೌಪಾಟಿಯಲ್ಲಿ ಡಿ. ಬಿ. ಮಾರ್ಗ ಠಾಣೆಯವರು ನಾಕಾಬಂದಿ ಹಾಕಿ ಕಾದಿದ್ದರು. ತಡೆಯನ್ನು ಕಂಡು ಹಿಂತಿರುಗಲೆತ್ನಿಸಿದ ಕಾರು ಡಿವೈಡರಿಗೆ ಬಡಿದು ನಿಂತಿತು. ಒಬ್ಬ ಹಂತಕನು ಹತನಾದನು. ಇನ್ನೊಬ್ಬನ ಬಂದೂಕನ್ನು ಬರಿಗೈಗಳಿಂದ ಹಿಡಿದು ಗುಂಡುಗಳನ್ನು ತನ್ನ ದೇಹದಲ್ಲಿ ತಾಳಿದ ಅದೇ ಠಾಣೆಯ ತುಕಾರಾಂ ಓಂಬ್ಳೆಯವರು ಅವನನ್ನು ಜೀವಂತ ಸೆರೆಗೆ ಒಪ್ಪಿಸಿ ಮಡಿದರು. 2009ರಲ್ಲಿ ಅವರಿಗೆ ಮರಣೋತ್ತರ ಅಶೋಕ ಚಕ್ರ ಸಂದಿತು. ಇದಕ್ಕಿಂತ ಹಿರಿದಾದ ಶೌರ್ಯ ಯಾವುದು? ಅದು ಪ್ರಕಟವಾದುದು ಕಾದು ನಿಂತ ನೆಲದ ಮೇಲೆ.

ಇನ್ನು ಚಾಲಕನ ಶಿಕ್ಷಣದ ಮಾತು. ಮುಂಬಯಿ ಪೂರ್ವ ವಿಭಾಗದ ಆರ್‌ಟಿಓ ಕಚೇರಿ ಇರುವುದೂ ವಡಾಲದಲ್ಲಿಯೇ. ಇಂಥ ಕಚೇರಿ ಕೊಡುವ ಲೈಸೆನ್ಸು ಸಾಮಾನ್ಯ ಚಾಲನೆಗೆ ಸಾಕ್ಷಿ. ಕಿವಿಯಲ್ಲಿ ವೈರ್‌ಲೆಸ್, ತಲೆಯ ಮೇಲೆ ಸೈರನ್, ಎದೆಯಲ್ಲಿ ಆವೇಗವಿರುವಾಗ ಸ್ಟಿಯರಿಂಗ್ ಹಿಡಿಯುವ ವಿದ್ಯೆಗೆ ಅದು ಸಾಕ್ಷಿಯಲ್ಲ. ಲಂಡನ್ನಿನ ಪೊಲೀಸರು 1930ರ ದಶಕದಲ್ಲಿಯೇ ಹೆಂಡನ್ ಎಂಬಲ್ಲಿ ಚಾಲನಾ ಶಾಲೆಯನ್ನು ತೆರೆದರು. ತುರ್ತುವಾಹನವನ್ನು ನಡೆಸುವ ಪ್ರತಿಯೊಬ್ಬ ಪೇದೆಗೂ ಅಂಥ ಪ್ರತ್ಯೇಕ ಶಿಕ್ಷಣ ದೊರೆಯಬೇಕು. ವೈರ್‌ಲೆಸ್ ನೋಡಿಕೊಳ್ಳಲು ಪಕ್ಕದಲ್ಲಿ ಇನ್ನೊಬ್ಬನಿರಬೇಕು. ಜನನಿಬಿಡ ಬೀದಿಯಲ್ಲಿ ಬೆನ್ನಟ್ಟುವುದನ್ನು ನಿಲ್ಲಿಸೆಂದು ನಿಯಂತ್ರಣ ಕೊಠಡಿ ಆಜ್ಞಾಪಿಸಬಲ್ಲುದಾಗಿರಬೇಕು. ಹಾಗೆ ನಿಲ್ಲಿಸಿ ಬರಿಗೈಯಲ್ಲಿ ಠಾಣೆಗೆ ಮರಳಿದವನನ್ನು ಮೇಲಧಿಕಾರಿಗಳಾಗಲಿ ಸಹೋದ್ಯೋಗಿಗಳಾಗಲಿ ಹೀಯಾಳಿಸತಕ್ಕದ್ದಲ್ಲ.