ಮರಳು ಅರೆಯುವ ಗಿಳಿಮೀನು

ನಮ್ಮ ಕರಾವಳಿಗೆ ಮರಳು ಬರುವುದು ಘಟ್ಟದಿಂದ. ಶರಾವತಿ, ನೇತ್ರಾವತಿಯಂಥ ನದಿಗಳು ಅದನ್ನು ಹೊತ್ತು ತರುತ್ತವೆ. ಮಾಲ್ದೀವ್ಸ್‌ನಲ್ಲಿ ಬೆಟ್ಟವೂ ಇಲ್ಲ, ನದಿಯೂ ಇಲ್ಲ. ಆದರೂ ಅಲ್ಲಿ ಬೆಳ್ಳನೆಯ ಮರಳಿಗೆ ಬರವಿಲ್ಲ. ಅಲ್ಲಿನ ವಕ್ಕಾರು ದ್ವೀಪದ ಹವಳದ ದಿಬ್ಬಗಳ ಬಗ್ಗೆ 2015ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಅಲ್ಲಿ ಹೊಸದಾಗಿ ಹುಟ್ಟುವ ಮರಳಿನಲ್ಲಿ ಸುಮಾರು ಶೇ 85ರಷ್ಟು ಗಿಳಿಮೀನಿನ ಹಿಕ್ಕೆ!

ಈ ಮೀನಿಗೆ ಕಲ್ಲು ಬೇಕಿಲ್ಲ. ಬೇಕಿರುವುದು ಸತ್ತ ಹವಳದ ಮೇಲೆ ಹಬ್ಬಿದ ಪಾಚಿ ಮತ್ತು ಅದರೊಳಗೆ ಅಡಗಿದ ಸೂಕ್ಷ್ಮಜೀವಿಗಳು. ಅವನ್ನು ಕೆರೆಯುವಾಗ ಸುಣ್ಣಕಲ್ಲೂ ಬಾಯಿಗೆ ಬರುತ್ತದೆ. ಸಾಲುಸಾಲಾಗಿ ಬೆಸೆದುಕೊಂಡ ಸುಮಾರು ಸಾವಿರ ಹಲ್ಲುಗಳೇ ಇದರ ಕೊಕ್ಕು. ಮುಂದಿನ ಸಾಲು ಸವೆದರೆ ಹಿಂದಿನದು ಸಿದ್ಧವಿರುತ್ತದೆ. ಗಂಟಲಲ್ಲಿ ಇನ್ನೊಂದು ಜೊತೆ ದವಡೆಗಳಿದ್ದು, ಬೀಸುವ ಕಲ್ಲಿನಂತೆ ತುತ್ತನ್ನು ನುಣ್ಣಗೆ ಅರೆಯುತ್ತವೆ. ಜಠರವೇ ಇಲ್ಲದ್ದರಿಂದ ಅರೆದದ್ದು ನೇರ ಕರುಳಿಗೆ ಇಳಿಯುತ್ತದೆ. ಪಾಚಿ ಜೀರ್ಣವಾಗಿ, ಸುಣ್ಣ ಮರಳಾಗಿ ಹೊರಬೀಳುತ್ತದೆ. ನೀರಿಗಿಳಿದವರಿಗೆ ಕೊಕ್ಕಿನ ಕರಕರ ಸದ್ದು ಕೇಳುತ್ತದೆ, ಮೀನಿನ ಹಿಂದೆ ಬಿಳಿ ಪುಡಿ ಚದುರುವುದೂ ಕಾಣುತ್ತದೆ.

ಹಾಗಾದರೆ ಇದು ದಿಬ್ಬವನ್ನೇ ತಿಂದು ಮುಗಿಸುವುದಿಲ್ಲವೇ? ಜೀವಂತ ಹವಳಕ್ಕೆ ಬಾಯಿ ಹಾಕುವ ಗಿಳಿಮೀನುಗಳೂ ಇವೆ. ಆದರೆ ಹೆಚ್ಚಿನವು ಮೇಯುವುದು ಪಾಚಿ ಕಟ್ಟಿದ ಜಾಗವನ್ನು. ಅದು ಚೊಕ್ಕಟವಾದರೆ ಮಾತ್ರ ಹವಳದ ಮರಿಗಳು ಅಂಟಿಕೊಂಡು ಬೆಳೆಯಬಲ್ಲವು. ಕೆರಿಬಿಯನ್ ಕಡಲಲ್ಲಿ 1983-84ರಲ್ಲಿ ಪಾಚಿ ಮೇಯುವ ಅರ್ಚಿನ್ ಎಂಬ ಮುಳ್ಳುಜೀವಿಗಳು ರೋಗ ಬಡಿದು ಸತ್ತಾಗ ಆ ಕೆಲಸ ಬಹುಮಟ್ಟಿಗೆ ಗಿಳಿಮೀನಿನ ಪಾಲಿಗೆ ಬಂತು. ಅದನ್ನೂ ಹಿಡಿದು ಬರಿದು ಮಾಡಿದ ಕಡೆ ಪಾಚಿಯದ್ದೇ ಕಾರುಬಾರಾಯಿತು. ಬೆಲೀಜ್ 2009ರಲ್ಲಿ ಗಿಳಿಮೀನು ಹಿಡಿಯುವುದನ್ನೇ ನಿಷೇಧಿಸಿತು.

ಇಲ್ಲಿ ಮೀನುಗಳ ಸಂಖ್ಯೆಯಷ್ಟೇ ಗಾತ್ರವೂ ಮುಖ್ಯ. ಬಹುತೇಕ ಜಾತಿಗಳಲ್ಲಿ ಮೊದಲು ಹೆಣ್ಣಾಗಿದ್ದದ್ದು ಬೆಳೆದ ಮೇಲೆ ಗಂಡಾಗುತ್ತದೆ, ಬಣ್ಣವೂ ಬದಲಾಗುತ್ತದೆ. ದೊಡ್ಡದನ್ನೇ ಆರಿಸಿ ಹಿಡಿದರೆ ಗಂಡುಗಳು ಕಡಿಮೆಯಾಗುತ್ತವೆ. ಉಳಿದ ಸಣ್ಣವು ಕೆರೆಯುವ ಕಲ್ಲೂ ಬಹಳ ಕಡಿಮೆ. ರಾತ್ರಿ ಸಂದುಗೊಂದಿನಲ್ಲಿ ಅಲುಗಾಡದೆ ಮಲಗುವ ಈ ಮೀನು ಟಾರ್ಚು ಹಿಡಿದು ಬಂದವರ ಈಟಿಗೆ ಸುಲಭವಾಗಿ ಸಿಗುತ್ತದೆ. ಹಾಗಾಗಿ ಮೊದಲು ನಿಲ್ಲಬೇಕಾದದ್ದು ರಾತ್ರಿಬೇಟೆ. ಕಡಲು ಏರುತ್ತಿದೆಯೆಂದು ತಡೆಗೋಡೆಗೆ ಹಣ ಸುರಿಯುವ ಹವಳದ್ವೀಪಗಳಿಗೆ ಮರಳು ಕೊಡುವ ಈ ಮೀನನ್ನು ಉಳಿಸುವುದಕ್ಕಿಂತ ಅಗ್ಗದ ರಕ್ಷಣೆ ಸಿಗುವುದು ಕಷ್ಟ.